ಬಣವೆಂದರೆ ಬರಿಯ ಬಾವುಟವೇ?

ನಮ್ಮ ದುರ್ಗದ ಕಾಲೇಜುಗಳಲ್ಲಿ ಈಗ ಒಂದು ಹೊಸ ಬಗೆಯ ಪಾಂಡಿತ್ಯ ತಲೆಯೆತ್ತಿದೆ. ಪಂಪನ ಹೆಸರೆತ್ತಿದರೆ ಆಕಳಿಸುವ ಹಿರಿಯೂರಿನ ಹುಡುಗ 'ಮಾರೋವಿಂಡ್' ಎಂಬ ಕಂಪ್ಯೂಟರು ಆಟದ ಮೂರು ಮಹಾಮನೆತನಗಳ ಕುಲ, ಆಚಾರ, ಹಗೆತನಗಳನ್ನು ಅರ್ಧಗಂಟೆ ತಡವರಿಸದೆ ವಿವರಿಸಬಲ್ಲ. ಪಕ್ಕದಲ್ಲಿ ಕುಳಿತ ಹೊಳಲ್ಕೆರೆಯವನು ಅದನ್ನು ಅಷ್ಟೇ ಶಾಸ್ತ್ರೋಕ್ತವಾಗಿ ಖಂಡಿಸಬಲ್ಲ. ವಾದ ಬಿಸಿಯೇರಿತೆಂದರೆ ಹೊಸದುರ್ಗದ ಬಸ್ಸು ಹೊರಟುಹೋದರೂ ಯಾರಿಗೂ ಪರಿವೆಯಿಲ್ಲ. ಈ ವಾದಗಳಿಗೆಲ್ಲ ಪಲ್ಲವಿ ಒಂದೇ: ಹಿಂದಿನ ಆಟಗಳಲ್ಲಿ ಆಳವಿತ್ತು, ಈಗಿನವುಗಳಲ್ಲಿ ಇಲ್ಲ.

ಹಿರಿಯರು ಇದನ್ನು ಕೇಳಿ ನಗುತ್ತಾರೆ. ಇಲ್ಲದ ಊರಿನ ಇಲ್ಲದ ಅರಸರಿಗಾಗಿ ಇಷ್ಟೊಂದು ಗಂಟಲು ಹರಿದುಕೊಳ್ಳಬೇಕೆ ಎಂಬುದು ಅವರ ಆಕ್ಷೇಪಣೆ. ಕನ್ನಡ ಪಾಠ ಹೇಳುವ ನನಗೂ ಈ ನಗೆಯಲ್ಲಿ ಪಾಲು ಸಿಗಬೇಕೆಂದು ಮಿತ್ರರು ಬಯಸುತ್ತಾರೆ. ಆದರೆ ನಾನು ಹುಡುಗರ ಪಕ್ಷ. ಅವರ ದೂರು ನ್ಯಾಯವಾದದ್ದು. ಅಷ್ಟೇ ಅಲ್ಲ, ಆ ದೂರು ಅಮೆರಿಕೆಯ ಆಟದ ಕಂಪೆನಿಗಳಿಗೆ ಎಷ್ಟು ಸಲ್ಲುತ್ತದೆಯೋ ಚಿತ್ರದುರ್ಗಕ್ಕೂ ಅಷ್ಟೇ ಸಲ್ಲುತ್ತದೆ.

ಮೊದಲು ಆಟದ ಮಾತು. ಪಾತ್ರ ವಹಿಸಿ ಆಡುವ ಈ ಬಗೆಯ ಆಟ ಹುಟ್ಟಿದ್ದು ಕಾಗದ, ಪೆನ್ಸಿಲು, ದಾಳಗಳಿಂದ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದರ ಮೂಲಪುರುಷ. ಅನಂತರ ಕಂಪ್ಯೂಟರು ದಾಳವನ್ನು ತನ್ನ ಕೈಗೆ ತೆಗೆದುಕೊಂಡಿತು. ಆಡುವವನು ಒಂದು ವೇಷ ಕಟ್ಟುತ್ತಾನೆ. ಒಂದು ನಾಡನ್ನು ಹೊಗುತ್ತಾನೆ. ಅಲ್ಲಿ ಪರಸ್ಪರ ಹಗೆ ಸಾಧಿಸುವ ಬಣಗಳಿರುತ್ತವೆ. ಯಾವುದನ್ನು ಸೇರುವುದೆಂಬುದು ಅವನ ಇಷ್ಟ. ಬಯಲಾಟ ಕಂಡ ನಮ್ಮ ಜನಕ್ಕೆ ಇದು ಅರ್ಥವಾಗದ ಸಂಗತಿಯೇನಲ್ಲ. ವ್ಯತ್ಯಾಸವಿಷ್ಟೇ, ಇಲ್ಲಿ ಪ್ರೇಕ್ಷಕನೇ ಪಾತ್ರಧಾರಿ.

2002ರ 'ಮಾರೋವಿಂಡ್'ನಲ್ಲಿ ಹ್ಲಾಲು, ರೆಡೊರಾನ್, ತೆಲ್ವಾನಿ ಎಂಬ ಮೂರು ಮನೆತನಗಳು. ಒಂದರ ಹೊಸ್ತಿಲು ದಾಟಿದರೆ ಉಳಿದೆರಡರ ಬಾಗಿಲು ಮುಚ್ಚಿತು. ಸಂಘಗಳಲ್ಲಿ ಮೇಲಿನ ಪದವಿ ಬೇಕೆಂದರೆ ಅದಕ್ಕೆ ತಕ್ಕ ವಿದ್ಯೆ ಕಲಿತಿರಬೇಕು. ದಾರಿ ಕೇಳಿದರೆ ಮಾತಿನಲ್ಲೇ ಹೇಳುತ್ತಾರೆ, ಆಟಗಾರ ಅದನ್ನು ಓದಿ ನೆನಪಿಟ್ಟುಕೊಂಡು ನಡೆಯಬೇಕು. ಅದೇ ಬೆಥೆಸ್ಡಾ ಸಂಸ್ಥೆಯವರು 2011ರಲ್ಲಿ ತಂದ 'ಸ್ಕೈರಿಮ್'ನಲ್ಲಿ ದಾರಿಗೆ ಬಾಣದ ಗುರುತಿದೆ, ಓದುವ ಕಷ್ಟವಿಲ್ಲ. ಒಬ್ಬನೇ ಮನುಷ್ಯ ಯೋಧರ ಕೂಟಕ್ಕೂ ಮಂತ್ರವಿದ್ಯೆಯ ಕಾಲೇಜಿಗೂ ಕಳ್ಳರ ಸಂಘಕ್ಕೂ ಯಜಮಾನನಾಗಬಹುದು. ಮಂತ್ರವಿದ್ಯೆಯ ಪೀಠವೇರಲು ಮಂತ್ರ ಹೆಚ್ಚಾಗಿ ಬರಬೇಕೆಂಬ ನಿರ್ಬಂಧವೂ ಇಲ್ಲ! ಬೆಳಿಗ್ಗೆ ಮಠಾಧಿಪತಿ, ಮಧ್ಯಾಹ್ನ ದಳವಾಯಿ, ರಾತ್ರಿ ಕನ್ನಗಳ್ಳರ ಮುಖಂಡ; ಇವನನ್ನು ಕಂಡು ಆ ನಾಡಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿನ ಅಂತರ್ಯುದ್ಧದಲ್ಲಿ ಮಾತ್ರ ಒಂದು ಪಕ್ಷ ಹಿಡಿದರೆ ಇನ್ನೊಂದು ಕೈತಪ್ಪುತ್ತದೆಂಬುದು ನಿಜ. ಆದರೆ ಯಾರು ಗೆದ್ದರೂ ಪೇಟೆಬೀದಿಯ ಬಾಳು ಹೆಚ್ಚೇನೂ ಬದಲಾಗದು.

ಹೀಗಾದದ್ದೇಕೆ? ಒಂದು ಕಾರಣ ಧ್ವನಿ. ಹಳೆಯ ಆಟದಲ್ಲಿ ಮಾತು ಬಹುಪಾಲು ಅಕ್ಷರದಲ್ಲಿತ್ತು; ಬರೆಯುವವನ ಲೇಖನಿಗೆ ಮಸಿಯ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ. ಈಗ ಪ್ರತಿಯೊಂದು ಸಾಲನ್ನೂ ನಟರಿಂದ ಆಡಿಸಬೇಕು. ಸಾಲಿಗೆ ಬೆಲೆ ಬಂದ ಮೇಲೆ ಸಾಲುಗಳು ಕಡಿಮೆಯಾಗುವುದು ಸಹಜ. 2015ರ 'ಫಾಲ್‌ಔಟ್ 4'ರಲ್ಲಿ ನಾಯಕನ ಬಾಯಿಗೂ ಧ್ವನಿ ಬಂದು, ಅವನು ಆಡಬಹುದಾದ ಮಾತು ಒಂದು ಸಲಕ್ಕೆ ನಾಲ್ಕಕ್ಕೆ ಇಳಿಯಿತು. ಇನ್ನೊಂದು ಕಾರಣ ವ್ಯಾಪಾರದ ಭಯ. ದುಡ್ಡು ಕೊಟ್ಟವನಿಗೆ ಯಾವ ಬಾಗಿಲೂ ಮುಚ್ಚಬಾರದು, ಅವನು ಏನನ್ನೂ ಕಳೆದುಕೊಳ್ಳಬಾರದು ಎಂಬ ಭಯ.

ಇಲ್ಲಿ ಹುಡುಗರಿಗೂ ಒಂದು ಮಾತು ಹೇಳಬೇಕು. ಅವರಲ್ಲಿ ಹಲವರು ಆಳವೆಂದರೆ ಹೆಸರುಗಳ ರಾಶಿಯೆಂದು ತಿಳಿದಿದ್ದಾರೆ. ಯಾವ ಮನೆತನದ ಮೂಲಪುರುಷ ಯಾರು, ಯಾವ ಯುದ್ಧ ಯಾವ ಯುಗದ್ದು ಎಂದು ಒಪ್ಪಿಸುವುದೇ ಅವರಿಗೆ ಪಾಂಡಿತ್ಯ. ಅದು ಅಮರಕೋಶದ ಬಾಯಿಪಾಠ, ಕಾವ್ಯವಲ್ಲ. ಬಣಕ್ಕೆ ಆಳ ಬರುವುದು ಅದನ್ನು ಸೇರುವವನು ಏನನ್ನಾದರೂ ತೆರಬೇಕಾದಾಗ. 2010ರ 'ಫಾಲ್‌ಔಟ್: ನ್ಯೂ ವೇಗಸ್' ಆಟವನ್ನು ಅವರು ಇಂದಿಗೂ ಕೊಂಡಾಡುವುದು ಇದಕ್ಕೇ. ಅಲ್ಲಿ ಗಣರಾಜ್ಯದ ಕೈ ಹಿಡಿದವನಿಗೆ ಸೀಸರನ ದಂಡು ಕೊನೆಗೆ ವೈರಿ. ಇಬ್ಬರನ್ನೂ ಮೆಚ್ಚಿಸಿ ಬಾಳುವ ದಾರಿ ಕಡೆಯವರೆಗೂ ಸಾಗದು. ತೆರಬೇಕಾದ ಬೆಲೆಯಿಲ್ಲದ ಬಣ ಬರಿಯ ಬಾವುಟ.

ಈ ಒರೆಗಲ್ಲನ್ನು ಹಿಡಿದು ಈಗ ನಮ್ಮ ಕೋಟೆಯತ್ತ ತಿರುಗೋಣ.

ಬಿ. ಎಲ್. ರೈಸರ ಮೈಸೂರು ಗೆಜೆಟಿಯರು ಹೇಳುವಂತೆ ಮೂಲಪುರುಷ ತಿಮ್ಮಣ್ಣ ನಾಯಕನಿಗೆ ವಿಜಯನಗರದಿಂದ ಮೊದಲು ಸಿಕ್ಕಿದ್ದು ಹೊಳಲ್ಕೆರೆ, ಅನಂತರ ಹಿರಿಯೂರು, ಆಮೇಲೆ ಚಿತ್ರದುರ್ಗ. ಮೆಟ್ಟಿಲು ಮೆಟ್ಟಿಲಾಗಿ ಏರಿದವನು ಕಡೆಗೆ ಅದೇ ಅರಸರ ಮುನಿಸಿಗೆ ಗುರಿಯಾಗಿ ವಿಜಯನಗರದ ಸೆರೆಯಲ್ಲಿ ಸತ್ತ. ಮುಂದೆ ದಳವಾಯಿ ಮುದ್ದಣ್ಣನ ಬಣ ಅರಸರನ್ನು ಏರಿಸಿ ಇಳಿಸಿದ ರಕ್ತದ ದಿನಗಳು. ಅವು ತೀರಿದ ಮೇಲೆ 1689ರಲ್ಲಿ ಭರಮಣ್ಣ ನಾಯಕನ ಪಟ್ಟ. 1748ರ ಸುಮಾರಿನಲ್ಲಿ ಮಾಯಕೊಂಡದ ಕಾಳಗ. ಎದುರಿಗೆ ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರುಗಳ ಒಕ್ಕೂಟ. ದುರ್ಗದ ಪಕ್ಕದಲ್ಲಿ ನಿಂತು ಕಾದಾಡಿದವನು ಆರ್ಕಾಟಿನ ನವಾಬಗಿರಿಯ ಆಸೆ ಹೊತ್ತ ಚಂದಾ ಸಾಹೇಬ. ಹಿರಿಯ ಮದಕರಿ ನಾಯಕ ಅಲ್ಲೇ ಮಡಿದ. ಚಂದಾ ಸಾಹೇಬ ಸೆರೆಸಿಕ್ಕಿದ. ಅವನ ಮಗ ಸತ್ತ. ಹರಪನಹಳ್ಳಿಯವರು ಬೇಡರ ಕುಲದ ನಾಯಕರೇ ಎಂಬುದನ್ನೂ ನೆನೆಯಿರಿ. ಜಾತಿಯಿಂದಲೋ ಮತದಿಂದಲೋ ಬಣ ಲೆಕ್ಕಹಾಕುವವರಿಗೆ ಮಾಯಕೊಂಡ ತಲೆಬುಡ ತಿಳಿಯದ ಒಗಟು.

ಕಡೆಯ ಮದಕರಿ ನಾಯಕನ ಕಥೆ ಇನ್ನೂ ಕಠಿಣ. 1754ರಲ್ಲಿ ಪಟ್ಟಕ್ಕೆ ಬಂದ ಅವನು ಮುಂದೆ ಹೈದರಾಲಿಗೆ ಕಪ್ಪ ಕೊಟ್ಟ, ಅವನ ದಂಡಯಾತ್ರೆಗಳಿಗೆ ಪಡೆ ಕಳಿಸಿದ. 1770ರಲ್ಲಿ ಪೇಶ್ವೆ ಮಾಧವರಾಯ ನಿಜಗಲ್ಲನ್ನು ಮುತ್ತಿದಾಗ ಆ ಕೋಟೆಯನ್ನು ಹತ್ತಿ ಗೆದ್ದುಕೊಟ್ಟವರು ದುರ್ಗದವರು. ಮತ್ತೆ ಮರಾಠರ ದಂಡು ಬಂದಾಗ ಹೈದರನಿಗೆ ಸಲ್ಲಬೇಕಾದ ಪಡೆಯನ್ನು ನಾಯಕ ತಡೆಹಿಡಿದ. ಬೆಲೆ ತೆತ್ತದ್ದು 1777ರಿಂದ ನಡೆದ ಮುತ್ತಿಗೆಗಳಲ್ಲಿ. 1779ರಲ್ಲಿ ಕೋಟೆ ಬಿದ್ದಿತು. ನಾಯಕ ಶ್ರೀರಂಗಪಟ್ಟಣದ ಸೆರೆಗೆ ಹೋದ. ಗೆಜೆಟಿಯರಿನ ಪ್ರಕಾರ 20,000 ಬೇಡರನ್ನು ಊರು ಬಿಡಿಸಿ ಸಾಗಿಸಿದರು, ಅವರ ಹುಡುಗರನ್ನು ಚೇಲಾ ಪಟಾಲಮುಗಳಾಗಿ ಮಾಡಿದರು. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕ ಸಣ್ಣ ರಾಜ್ಯವೊಂದು ಮಾಡಿದ ಆಯ್ಕೆಗೆ ಒಂದು ಇಡೀ ಜನ ತೆತ್ತ ಬೆಲೆ ಇದು. ಯಾವ ಆಟದ ಕಂಪೆನಿ ಇಂಥ ಬಣದ ಕಥೆಯನ್ನು ಕಟ್ಟಿದೆ?

ಇದನ್ನು ನಾವು ಏನು ಮಾಡಿದ್ದೇವೆ? ಒಂದು ಕಿಂಡಿ, ಒಂದು ಒನಕೆ, ಒಬ್ಬ ವೀರ, ಒಬ್ಬ ದ್ರೋಹಿ: ಇಷ್ಟಕ್ಕೆ ಇಳಿಸಿದ್ದೇವೆ. ಓಬವ್ವನನ್ನು ಕುರಿತು ನನಗೆ ಗೌರವವಿದೆ. 2021ರಿಂದ ಸರಕಾರ ಆಕೆಯ ಜಯಂತಿಯನ್ನು ನವೆಂಬರ್ 11ರಂದು ಆಚರಿಸುತ್ತಿರುವುದು ಸಂತೋಷದ ವಿಷಯ. ಆದರೆ ವೇದಿಕೆಯ ಭಾಷಣಗಳನ್ನು ಕೇಳಿದರೆ ದುರ್ಗದಲ್ಲಿ ಆ ಒಂದು ಮಧ್ಯಾಹ್ನದ ಹೊರತು ಬೇರೇನೂ ನಡೆದಿಲ್ಲವೆಂದು ತೋರುತ್ತದೆ. 1972ರ 'ನಾಗರಹಾವು' ಚಿತ್ರದಲ್ಲಿ ಕೆಲವು ನಿಮಿಷಗಳಿಗಾಗಿ ಬಂದ ಪ್ರಸಂಗ ಇನ್ನೂರು ವರ್ಷಗಳ ಚರಿತ್ರೆಯ ಸ್ಥಾನವನ್ನು ಆಕ್ರಮಿಸಿದೆ. ಕೋಟೆ ತೋರಿಸುವಾಗಲೂ ನಾವು ಬಾಣದ ಗುರುತು ಹಾಕುತ್ತೇವೆ: ಇಲ್ಲಿ ಕಿಂಡಿ, ಇಲ್ಲಿ ಫೋಟೋ, ಇಲ್ಲಿ ನಿರ್ಗಮನ! ಇದರಿಂದಾಗುವ ಹಾನಿ ಚರಿತ್ರೆಯ ಅಂಕಗಳಿಗೆ ಮಾತ್ರವಲ್ಲ. ಸರಳ ಮಾಡಿದ ಕಥೆಗೆ ಸರಳವಾದ ವೈರಿ ಬೇಕಾಗುತ್ತಾನೆ. ಅವನನ್ನು ಪಕ್ಕದ ಬೀದಿಯಲ್ಲೇ ಹುಡುಕುವವರು ಎಲ್ಲ ಕಾಲದಲ್ಲೂ ಇರುತ್ತಾರೆ.

"ಜನಕ್ಕೆ ಇಷ್ಟು ಜಟಿಲತೆ ಬೇಡ, ಸ್ವಾಮಿ" ಎನ್ನುವರು ಕೆಲವರು. ಆಟದ ಕಂಪೆನಿಗಳೂ ಇದನ್ನೇ ಹೇಳುತ್ತಿದ್ದವು. 2023ರಲ್ಲಿ ಬೆಲ್ಜಿಯಮ್ಮಿನ ಲೇರಿಯನ್ ಸಂಸ್ಥೆಯವರು ಆಯ್ಕೆಗೆ ಬೆಲೆ ಕಟ್ಟಿಸುವ 'ಬಾಲ್ಡರ್ಸ್ ಗೇಟ್ 3' ತಂದರು. ಅದು ಕೋಟಿಗಟ್ಟಲೆ ದುಡ್ಡು ಗಳಿಸಿತು, ವರ್ಷದ ಆಟವೆಂಬ ಪ್ರಶಸ್ತಿಯನ್ನೂ ಪಡೆಯಿತು. ನಮ್ಮಲ್ಲೇ ತ.ರಾ.ಸು. ಅವರು 'ಕಂಬನಿಯ ಕುಯಿಲು'ವಿನಿಂದ 'ದುರ್ಗಾಸ್ತಮಾನ'ದವರೆಗೆ ಕಾದಂಬರಿಗಳ ಮಾಲೆಯನ್ನೇ ಕಟ್ಟಿ, ದಳವಾಯಿಗಳ, ದಾಯಾದಿಗಳ, ಮಠದ, ಅಂತಃಪುರದ ಬಣಗಳನ್ನೆಲ್ಲ ಬಿಡಿಸಿಟ್ಟರು. ಓದಿದವರು ಪಂಡಿತರೇನಲ್ಲ, ವಾಚನಾಲಯಕ್ಕೆ ಬರುವ ಗುಮಾಸ್ತರು, ಗೃಹಿಣಿಯರು. 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆ ಬರುವ ಹೊತ್ತಿಗೆ ಲೇಖಕರು ತೀರಿಕೊಂಡಿದ್ದರು. ಓದುಗರು ಅದಕ್ಕೆ ಬಹಳ ಮೊದಲೇ ಮನ್ನಣೆ ಕೊಟ್ಟಾಗಿತ್ತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಂಥ ಹಳ್ಳಿಯಲ್ಲಿ ಬಯಲಿನಲ್ಲಿ ಕುಳಿತು ನಾಟಕ ನೋಡುವ ಜನವನ್ನು ಕಂಡವರು, 1997ರಿಂದ ಅಲ್ಲಿನ ಶಿವಸಂಚಾರ ತಂಡ ಊರೂರು ತಿರುಗುತ್ತಿರುವುದನ್ನು ಬಲ್ಲವರು, ಜನಕ್ಕೆ ಆಳ ಬೇಡವೆಂದು ಹೇಳಲಾರರು. ಆಳ ಬೇಡವಾದದ್ದು ಬಡಿಸುವವರಿಗೆ, ಉಣ್ಣುವವರಿಗಲ್ಲ.

ಆದುದರಿಂದ ನನ್ನ ಬಿನ್ನಹ ಎರಡೂ ಕಡೆಯವರಿಗೆ. ಹಿರಿಯರೇ, ಹುಡುಗರನ್ನು ನೋಡಿ ನಗಬೇಡಿ. ಕಥೆಯನ್ನು ಪರೀಕ್ಷಿಸುವ ಒಳ್ಳೆಯ ವಿಧಾನವೊಂದನ್ನು ಅವರು ಯಾರ ಪಾಠವೂ ಇಲ್ಲದೆ ಕಲಿತಿದ್ದಾರೆ. ಜಯಂತಿಯ ವೇದಿಕೆಯಲ್ಲಿ ಒಂದು ಹಾರ ಕಡಿಮೆ ಮಾಡಿ, ನಿಜಗಲ್ಲಿನ ಕಥೆ ಹೇಳಿಸಿ. ಹುಡುಗರೇ, ನೀವು ಕಲಿತ ಒರೆಗಲ್ಲನ್ನು ಪರದೆಯ ಮುಂದೆಯೇ ಬಿಟ್ಟು ಏಳಬೇಡಿ. ಮಾಯಕೊಂಡ ಇಲ್ಲೇ ಪಕ್ಕದ ದಾವಣಗೆರೆ ಜಿಲ್ಲೆಯಲ್ಲಿ, ರೈಲಿನ ಹಾದಿಯಲ್ಲೇ ಇದೆ. ಅಲ್ಲಿ ಇಳಿದು, ಹಿರಿಯ ಮದಕರಿಯ ಸ್ಥಾನದಲ್ಲಿ ನೀವಿದ್ದರೆ ಯಾರ ಕೈ ಹಿಡಿಯುತ್ತಿದ್ದಿರಿ, ಅದಕ್ಕೆ ಏನು ತೆರುತ್ತಿದ್ದಿರಿ ಎಂದು ಜಗಳವಾಡಿ. ಆ ಜಗಳಕ್ಕಾಗಿ ನೀವು ಬಸ್ಸು ತಪ್ಪಿಸಿಕೊಂಡು ಮರುದಿನ ತರಗತಿಗೆ ತಡವಾಗಿ ಬಂದರೆ, ನನ್ನ ಹಾಜರಿ ಪುಸ್ತಕದಲ್ಲಿ ಅದಕ್ಕೆ ಕ್ಷಮೆಯಿದೆ.