ಪ್ರಶ್ನಿಸುವವನ ನಂಬಿಕೆ

ಪ್ರಶ್ನೆ ಕೇಳುವವನಿಗೆ ದೈವಭಕ್ತಿ ಇರಲಾರದು, ಭಕ್ತಿ ಇದ್ದವನು ಪ್ರಶ್ನೆ ಕೇಳಬಾರದು ಎಂಬ ಎರಡು ಮಾತನ್ನೂ ಗ್ರೀಕ್ ತತ್ವಜ್ಞಾನಿ ಸಾಕ್ರಟೀಸನ ಬದುಕು ಸುಳ್ಳಾಗಿಸುತ್ತದೆ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆ ಅವನಿಗೆ ಮರಣದಂಡನೆ ವಿಧಿಸಿತು. ನಗರದ ದೇವತೆಗಳನ್ನು ಅವನು ಮಾನ್ಯ ಮಾಡುವುದಿಲ್ಲ ಎಂಬುದು ಆರೋಪಗಳಲ್ಲೊಂದು. ಆದರೆ ಶಿಷ್ಯ ಪ್ಲೇಟೋ ಬರೆದಿಟ್ಟ ಪ್ರತಿವಾದದಲ್ಲಿ ಸಾಕ್ರಟೀಸ್ ತನ್ನ ಪ್ರಶ್ನೆಗಳನ್ನೇ ದೇವರ ಸೇವೆ ಎನ್ನುತ್ತಾನೆ. ಅವನಿಗಿಂತ ಜ್ಞಾನಿಯಿಲ್ಲ ಎಂದು ಡೆಲ್ಫಿಯ ಅಪೊಲೊ ದೇಗುಲದಲ್ಲಿ ದೈವವಾಣಿಯಾಗಿತ್ತು. ಅದನ್ನು ಅವನು ಕಣ್ಣುಮುಚ್ಚಿ ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ರಾಜಕಾರಣಿಗಳು, ಕವಿಗಳು, ಕುಶಲಕರ್ಮಿಗಳನ್ನು ಒಬ್ಬೊಬ್ಬರಾಗಿ ಮಾತಾಡಿಸಿ, ತನ್ನ ಅಜ್ಞಾನದ ಅರಿವೊಂದೇ ತನ್ನ ಹೆಚ್ಚುಗಾರಿಕೆ ಎಂದು ಕಂಡುಕೊಂಡ. ವಾಣಿಯ ಮೇಲಿನ ಗೌರವವೇ ಅವನನ್ನು ಪರೀಕ್ಷೆಗೆ ಹಚ್ಚಿತು. ಹೀಗೆ ನಂಬಿಕೆ, ವಿಚಾರ ಎರಡೂ ಜೊತೆಗಿರಬೇಕು ಎಂಬುದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ದೇವತೆಗಳು ಮೆಚ್ಚಿದ್ದರಿಂದ ಒಂದು ಕೆಲಸ ಪುಣ್ಯವಾಗುತ್ತದೆಯೋ, ಪುಣ್ಯವಾದ್ದರಿಂದ ಅವರು ಮೆಚ್ಚುತ್ತಾರೆಯೋ ಎಂದು ಪ್ಲೇಟೋನ ‘ಯೂಥಿಫ್ರೋ’ ಸಂವಾದದಲ್ಲಿ ಕೇಳಿದವನೂ ಅವನೇ. ಒಳಿತು ತನ್ನ ಕಾಲ ಮೇಲೆ ತಾನೇ ನಿಲ್ಲುವುದಾದರೆ ನಂಬಿಕೆ ಏಕೆ ಬೇಕು? ಒಳಿತು ಯಾವುದೆಂದು ವಿಚಾರ ತೋರಿಸಬಲ್ಲದು. ಆದರೆ ಅದಕ್ಕಾಗಿ ಎಲ್ಲವನ್ನೂ ಕಳೆದುಕೊಳ್ಳುವ ಧೈರ್ಯವನ್ನು ವಿಚಾರವೊಂದೇ ಕೊಡಲಾರದು. ಒಳ್ಳೆಯವನಿಗೆ ಬದುಕಿನಲ್ಲೂ ಸಾವಿನಲ್ಲೂ ಕೇಡಿಲ್ಲ ಎಂಬುದನ್ನು ಸಾಕ್ರಟೀಸ್ ನ್ಯಾಯಸಭೆಯ ಮುಂದೆ ಸಾಧಿಸಿ ತೋರಿಸಲಿಲ್ಲ. ಅದನ್ನು ನಂಬಿಯೇ ವಿಷದ ಬಟ್ಟಲನ್ನು ಕೈಗೆತ್ತಿಕೊಂಡ. ದೇವರಿಲ್ಲದೆಯೂ ಇಂಥ ಧೈರ್ಯ ತೋರಿದವರುಂಟು, ನಿಜ. ಆದರೆ ಅವರೂ ರುಜುವಾತಿಗೆ ಕಾಯದೆ ಯಾವುದೋ ಮೌಲ್ಯಕ್ಕೆ ಜೀವ ಒತ್ತೆಯಿಟ್ಟವರೇ. ಪರೀಕ್ಷೆಗೆ ಅಂಜದ ನಂಬಿಕೆ, ನಂಬಿಕೆಯನ್ನು ಹೀಗಳೆಯದ ವಿಚಾರ, ಇವೆರಡೂ ಕೂಡಿದಾಗಲೇ ಬಾಳು ಒಳ್ಳೆಯ ಬಾಳಾಗುತ್ತದೆ.