ಮನೆಯೊಳಗಿನ ಪೆಟ್ಟಿಗೆ ಯಾರದು?

ಸಿಮ್ ಕೊಡುವ ಕಂಪನಿ ಫೋನ್ ಯಾವುದಿರಬೇಕೆಂದು ಹೇಳುವುದಿಲ್ಲ. ಕರೆಂಟ್ ಕೊಡುವವರ ಅಧಿಕಾರ ಮೀಟರಿನ ಬಳಿ ಮುಗಿಯುತ್ತದೆ. ಒಳಗೆ ಯಾವ ಫ್ಯಾನ್ ತಿರುಗಬೇಕೆಂಬುದು ಮನೆಯವರ ಇಷ್ಟ. ಫೈಬರ್ ಇಂಟರ್ನೆಟ್ಟಿನಲ್ಲಿ ಮಾತ್ರ ಕಂಪನಿಯವರು ಹಾಲಿನವರೆಗೂ ಬಂದು, ಒಂದು ಪೆಟ್ಟಿಗೆ ಕೂರಿಸಿ, ವೈಫೈ ಪಾಸ್‌ವರ್ಡ್ ಬರೆದುಕೊಟ್ಟು ಹೋಗುತ್ತಾರೆ. ಪೆಟ್ಟಿಗೆಯ ಅಡ್ಮಿನ್ ಪಾಸ್‌ವರ್ಡ್ ಎಷ್ಟೋ ಮನೆಗಳಿಗೆ ಸಿಗುವುದೇ ಇಲ್ಲ. ‘ಫ್ರೀ’ ಎಂಬ ಒಂದು ಮಾತಿಗೆ ಬಿಟ್ಟುಕೊಟ್ಟ ಹಕ್ಕು ಇದು.

ಆ ಪೆಟ್ಟಿಗೆಯೊಳಗೆ ಎರಡು ಯಂತ್ರಗಳಿವೆ. ಒಂದು, ಫೈಬರಿನಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಓಎನ್‌ಟಿ. ಹಳೆಯ ಟೆಲಿಫೋನ್ ಲೈನಿನ ಕಾಲದಲ್ಲಿ ಮೋಡೆಮ್ ನಿಂತಿದ್ದ ಜಾಗದಲ್ಲಿ ಈಗ ಇದು ನಿಂತಿದೆ. ಇನ್ನೊಂದು, ಬಂದ ಸಂಪರ್ಕವನ್ನು ಮನೆಯ ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆ ಹಂಚುವ ರೂಟರ್. ಓಎನ್‌ಟಿ ಕಂಪನಿಯ ಕೇಂದ್ರದ ಯಂತ್ರಕ್ಕೆ ಹೊಂದಬೇಕು, ಅದರ ಸೀರಿಯಲ್ ನಂಬರ್ ಅಲ್ಲಿ ದಾಖಲಾಗಬೇಕು. ರೂಟರಿಗೆ ಅಂಥ ಹಂಗಿಲ್ಲ. ಅಂಗಡಿಯಲ್ಲಿ ಸಿಗುವ ಯಾವುದಾದರೂ ನಡೆಯುತ್ತದೆ. ಎರಡನ್ನೂ ಒಂದೇ ಡಬ್ಬಿಗೆ ಹಾಕಿದ್ದರಿಂದ ಎರಡೂ ಕಂಪನಿಯ ಕೈಯಲ್ಲಿ ಉಳಿದಿವೆ.

ಇದರ ನಷ್ಟ ದಿನನಿತ್ಯದ್ದು. ಡಬ್ಬಿ ತಂತಿ ಒಳಬರುವ ಬಾಗಿಲ ಪಕ್ಕದಲ್ಲೇ ಕೂರುತ್ತದೆ. ಮಲಗುವ ಕೋಣೆಯಲ್ಲಿ ವಿಡಿಯೋ ಕಾಲ್ ನಿಲ್ಲುತ್ತದೆ. ದೂರು ಕೊಟ್ಟರೆ ದೊಡ್ಡ ಪ್ಲಾನ್ ತೆಗೆದುಕೊಳ್ಳಿ ಎಂಬ ಸಲಹೆ ಬರಬಹುದು. ಗೋಡೆ ದಾಟದ ವೈಫೈ ದೊಡ್ಡ ಪ್ಲಾನಿನಿಂದ ಗೋಡೆ ದಾಟುವುದಿಲ್ಲ. ಸುರಕ್ಷತೆಯದು ಇನ್ನೂ ಗಂಭೀರ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತ್ತು. ಅಡ್ಮಿನ್ ಪುಟಕ್ಕೇ ಪ್ರವೇಶವಿಲ್ಲದ ಮನೆಯವರು ಬದಲಿಸುವುದು ಏನನ್ನು?

ಬೇರೆ ದೇಶಗಳು ಈ ಜಗಳವನ್ನು ಎಂದೋ ಆಡಿ ಮುಗಿಸಿವೆ. ಅಮೆರಿಕದಲ್ಲಿ 1968ರ ‘ಕಾರ್ಟರ್‌ಫೋನ್’ ತೀರ್ಪು, ಜಾಲಕ್ಕೆ ಹಾನಿಯಾಗದಿದ್ದರೆ ಗ್ರಾಹಕರು ತಮ್ಮ ಉಪಕರಣವನ್ನು ಟೆಲಿಫೋನ್ ಜಾಲಕ್ಕೆ ಜೋಡಿಸಬಹುದು ಎಂದಿತು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಮೋಡೆಮ್, ರೂಟರ್ ಎರಡರ ಆಯ್ಕೆಯೂ ಗ್ರಾಹಕರದು. ನಮ್ಮಲ್ಲೂ ಮಾದರಿ ಇಲ್ಲವೆಂದಲ್ಲ. 2011ರಲ್ಲಿ ದೇಶವ್ಯಾಪಿಯಾದ ನಂಬರ್ ಪೋರ್ಟಬಿಲಿಟಿ, ಕಂಪನಿ ಬದಲಾದರೂ ಮೊಬೈಲ್ ನಂಬರನ್ನು ಚಂದಾದಾರರ ಕೈಯಲ್ಲೇ ಉಳಿಸಿತು. ಯಾವ ಕಂಪನಿಗಾದರೂ ಹೊಂದುವ ಸೆಟ್‌ಟಾಪ್ ಬಾಕ್ಸ್ ಬೇಕೆಂದು ಟ್ರಾಯ್ 2020ರಲ್ಲಿ ಶಿಫಾರಸು ಮಾಡಿತು. ಇಂಟರ್ನೆಟ್ ಡಬ್ಬಿಗೂ ಅದೇ ನ್ಯಾಯ ಸಲ್ಲಬೇಕು.

ಕಂಪನಿಗಳ ಆಕ್ಷೇಪದಲ್ಲಿ ಅರ್ಧ ಹುರುಳಿದೆ. ಒಂದೇ ಫೈಬರನ್ನು ಹಲವು ಮನೆಗಳು ಹಂಚಿಕೊಳ್ಳುವುದರಿಂದ ಒಂದು ಕೆಟ್ಟ ಓಎನ್‌ಟಿ ಅಕ್ಕಪಕ್ಕದವರ ಸಂಪರ್ಕವನ್ನೂ ಕೆಡಿಸಬಲ್ಲದು. ಹಾಗಾದರೆ ಓಎನ್‌ಟಿಯನ್ನು ಅವರೇ ಇಟ್ಟುಕೊಳ್ಳಲಿ. ರೂಟರಿಗೆ ಈ ಮಾತು ಅನ್ವಯಿಸುವುದಿಲ್ಲ. ನಿಯಮದಲ್ಲಿ ಬೇಕಾದದ್ದು ಮೂರೇ: ಕೇಳಿದವರಿಗೆ ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ ಹಾಕಿಕೊಡಬೇಕು, ಅಂದರೆ ಅದು ಓಎನ್‌ಟಿಯ ಕೆಲಸ ಮಾತ್ರ ಮಾಡಬೇಕು, ಲಾಗಿನ್ ಹೆಸರು, ಪಾಸ್‌ವರ್ಡ್ ಮುಂತಾದ ಸಂಪರ್ಕ ವಿವರಗಳನ್ನು ಬರೆದುಕೊಡಬೇಕು, ಡಬ್ಬಿಗೆ ಬಾಡಿಗೆಯಿದ್ದರೆ ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಬೇಕು.

ಎಲ್ಲರೂ ಇಂದೇ ರೂಟರ್ ಕೊಳ್ಳಬೇಕೆಂದೇನಿಲ್ಲ. ಒಂದೇ ಕೋಣೆಯ ಮನೆ, 50 ಎಂಬಿಪಿಎಸ್ ಪ್ಲಾನ್ ಇದ್ದರೆ ಕಂಪನಿಯ ಡಬ್ಬಿ ಸಾಕು. ಕೊಳ್ಳುವವರು ಪೋರ್ಟುಗಳು ಗಿಗಾಬಿಟ್‌ನವೇ ಎಂದು ಮೊದಲು ನೋಡಬೇಕು. ಅಗ್ಗದ ಎಷ್ಟೋ ರೂಟರುಗಳ ಪೋರ್ಟಿನ ಮಿತಿ 100 ಎಂಬಿಪಿಎಸ್, 300ರ ಪ್ಲಾನ್ ಹಾಕಿಸಿದರೂ ಒಳಬರುವುದು ಅಷ್ಟೇ. ತಯಾರಕರು ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುತ್ತಾರೆಂಬುದು ಎರಡನೆಯ ಪ್ರಶ್ನೆ.

ಊರು ಬಿಟ್ಟು ಪುಣೆ, ಚೆನ್ನೈ, ಹೈದರಾಬಾದಿನ ಬಾಡಿಗೆ ಮನೆಗಳಲ್ಲಿರುವವರಿಗೆ ಇನ್ನೊಂದು ಲಾಭವಿದೆ. ಮನೆ ಬದಲಾದರೆ ಅನೇಕ ಸಲ ಕಂಪನಿಯೂ ಬದಲಾಗುತ್ತದೆ. ಸ್ವಂತ ರೂಟರ್ ಸಾಮಾನಿನ ಜೊತೆ ಲಾರಿ ಹತ್ತಿ ಬರುತ್ತದೆ. ಹೊಸ ಲೈನಿನ ವಿವರ ತುಂಬಿದರಾಯಿತು, ವೈಫೈ ಹೆಸರು, ಪಾಸ್‌ವರ್ಡ್ ಹಳೆಯವೇ. ಟಿವಿಯಿಂದ ಹಿಡಿದು ಅಜ್ಜಿಯ ಫೋನಿನವರೆಗೆ ಯಾವುದನ್ನೂ ಮತ್ತೆ ಜೋಡಿಸಬೇಕಾಗಿಲ್ಲ.

ನಿಯಮ ಬರುವವರೆಗೆ ಗ್ರಾಹಕರಿಗಿರುವ ದಾರಿ ಕೇಳುವುದು. ವರ್ಷದ ದುಡ್ಡು ಕಟ್ಟುವ ಮೊದಲು ಕೇಳಬೇಕು: ಬ್ರಿಡ್ಜ್ ಮೋಡ್ ಕೊಡುತ್ತೀರಾ, ಲಾಗಿನ್ ವಿವರ ಕೊಡುತ್ತೀರಾ? ದುಡ್ಡು ಕೈ ಬಿಟ್ಟ ಮೇಲೆ ಈ ಪ್ರಶ್ನೆಗೆ ಬೆಲೆಯಿಲ್ಲ.