ಹಾಲಿನ ಲೆಕ್ಕದ ಪಕ್ಕ ಬರೆದ ಮಾತು



ನನ್ನ ತಂಗಿಯ ಮಗಳಿಗೆ ಎರಡು ವರ್ಷ ತುಂಬಿದಾಗ ಉದಗೀರದ ಅವರ ಮನೆಯಲ್ಲಿ ಹುಟ್ಟುಹಬ್ಬ ಮಾಡಿದ್ದರು. ಕೇಕ್ ಇತ್ತು, ಬಲೂನು ಇತ್ತು, ಮನೆ ತುಂಬ ಮಂದಿ. ಬಂದವರೆಲ್ಲ ಕೂಸಿನ ಗಲ್ಲ ಹಿಡಿದು ಕೇಳಿದ್ದು ಒಂದೇ ಮಾತು: "ಕೂಸು ಇನ್ನಾ ಮಾತಾಡವಲ್ತೇನ?" ನಾನೂ ಸುಮ್ಮನಿರಲಿಲ್ಲ. ವರ್ಷಗಟ್ಟಲೆ ಒಂದನೇ ಇಯತ್ತೆಗೆ ಕಲಿಸಿದ ಮಾಸ್ತರ ನಾನು. ಚಾಕಲೇಟು ಎತ್ತಿ ಹಿಡಿದು, "ಮಾಮಾ ಅನ್ನು, ಕೊಡ್ತೀನಿ" ಅಂದೆ. ಕೂಸು ಚಾಕಲೇಟಿನ ಕಡೆ ಬೆರಳು ತೋರಿಸಿತು, ಆಮೇಲೆ ನನ್ನ ಮುಖ ನೋಡಿತು. "ಊಹೂಂ, ಬಾಯಿಲೆ ಹೇಳು" ಅಂದೆ. ಅದು ಅಳಲಿಲ್ಲ. ಹೋಗಿ ಅವ್ವನ ಸೀರೆ ಹಿಂದೆ ನಿಂತಿತು.

ಆ ದಿನ ಕೂಸು ನನ್ನ ಜೊತೆ ಮಾತಾಡಿತ್ತು, ನನಗೇ ತಿಳಿಯಲಿಲ್ಲ. ಬೇಕಾದ ವಸ್ತುವಿಗೆ ಬೆರಳು ತೋರಿಸಿ, ಎದುರಿನವರು ನೋಡಿದರೋ ಇಲ್ಲವೋ ಎಂದು ಮುಖ ನೋಡುವುದು ಮಾತಿನ ದಾರಿಯಲ್ಲಿ ದೊಡ್ಡ ಮೈಲಿಗಲ್ಲು. ವಿಜ್ಞಾನ ಕಲಿಸುವ ನಾನೇ ಅದನ್ನು ತಪ್ಪು ಉತ್ತರವೆಂದು ಕಾಟು ಹಾಕಿದ್ದೆ. ತಡವಾಗಿ ಮಾತಾಡುವ ಕೂಸಿನ ಮನೆಯಲ್ಲಿ ಸಂಭ್ರಮ ಇರಬೇಕು, ಆದರೆ ಅದು ಪರೀಕ್ಷೆಯಾಗಬಾರದು ಎಂಬುದು ನನಗೆ ಅಲ್ಲಿಂದ ಮೆಲ್ಲಗೆ ತಿಳಿಯುತ್ತ ಬಂತು.

ಮೊದಲು ಮೈಲಿಗಲ್ಲು ಅಂದರೇನು ನೋಡೋಣ. ಸುಮಾರು 12 ತಿಂಗಳಿಗೆ ಒಂದೆರಡು ಪದ, 2 ವರ್ಷಕ್ಕೆ "ಹಾಲ ಬೇಕ" ಎಂಬಂತೆ ಎರಡು ಪದ ಕೂಡಿಸುವುದು, ಹೀಗೆ ಪಟ್ಟಿಗಳಿವೆ. ಅಮೆರಿಕದ ಸಿಡಿಸಿ ಸಂಸ್ಥೆ 2022ರಲ್ಲಿ ತನ್ನ ಪಟ್ಟಿಯನ್ನು ತಿದ್ದಿತು. ಆಯಾ ವಯಸ್ಸಿನ ಶೇಕಡಾ 75 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಮಾಡುವುದನ್ನು ಮಾತ್ರ ಅದರಲ್ಲಿ ಇಟ್ಟಿತು. ಸುಮಾರು 50 ಪದ ಎಂಬುದು 30 ತಿಂಗಳ ಸಾಲಿಗೆ ಬಂತು. ಇದರ ಅರ್ಥ ಸರಳ. ಪಟ್ಟಿಯಲ್ಲಿ ಕೂಸು ಹಿಂದೆ ಬಿದ್ದರೆ ಅದು ದಡ್ಡ ಎಂದಲ್ಲ, ತೋರಿಸಿಕೊಂಡು ಬರುವ ಹೊತ್ತಾಯಿತು ಎಂದು. ಉಮರ್ಗಾದ ಮೇಲೆ ಹಾದುಹೋಗುವ ಸೋಲಾಪುರ-ಹೈದರಾಬಾದ್ ಹೆದ್ದಾರಿಯ ಕಲ್ಲು ಊರು ಎಷ್ಟು ದೂರ ಅಂತ ಹೇಳ್ತದ, ನಡೆಯುವವನನ್ನು ಬೈಯೋದಿಲ್ಲ.

ಬೈಯುವ ಕೆಲಸ ನಾವು ಮಾಡುತ್ತೇವೆ. ಹುಟ್ಟುಹಬ್ಬದ ಮರುದಿನವೇ ಓದಿದವರೊಬ್ಬರು ತಂಗಿಗೆ ಹೇಳಿದರು: "ಮನ್ಯಾಗ ಕನ್ನಡ ಬಿಡ್ರಿ, ಬರೇ ಮರಾಠಿ ಮಾತಾಡ್ರಿ. ಎರಡೆರಡು ಭಾಷಾ ಕೂಡಿ ಕೂಸಿನ ತಲಿ ಗೊಂದಲ ಆಗ್ಯದ." ಇವರು ಬಿಟ್ಟರು. ಆದರೆ ಆ ಮನೆಯಲ್ಲಿ ಕೂಸಿನ ಜೊತೆ ದಿನವೆಲ್ಲ ಇರುವವಳು ಅಜ್ಜಿ. ಅವಳಿಗೆ ಮರಾಠಿ ತಿಳೀತದ, ಬಾಯಿಗೆ ಬರೋದಿಲ್ಲ. ಮೂರು ವಾರ ಅಜ್ಜಿ ಕೂಸಿನ ಮುಂದೆ ಬಾಯಿ ಕಟ್ಟಿಕೊಂಡು ಕೂತಳು. ಮಾತು ಕಡಿಮೆ ಇದ್ದ ಕೂಸಿಗೆ ಕೇಳುವ ಮಾತೂ ಇಲ್ಲದಾಯಿತು.

ಈ ಸಲಹೆಗೆ ವಿಜ್ಞಾನದ ಆಧಾರವಿಲ್ಲ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ತಡವಾದ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರು. ಲೆಕ್ಕ ಹಾಕುವಾಗ ಎಲ್ಲ ಭಾಷೆಯ ಪದಗಳನ್ನೂ ಕೂಡಿಸಬೇಕು. ಒಂದು ಕೂಸಿಗೆ ಕನ್ನಡದ 8, ಮರಾಠಿಯ 7, ದಖನಿಯ 5 ಪದ ಬಂದರೆ ಅದಕ್ಕೆ 20 ಪದ ಬರುತ್ತವೆ. "ನೀರು", "ಪಾಣಿ" ಎರಡೂ ಲೆಕ್ಕಕ್ಕೆ ಸೇರುತ್ತವೆ. ಉದಗೀರ, ನಿಲಂಗಾ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಗಡಿ ಸರಿಯಿತು, ಮನೆಯ ಮಾತು ಉಳಿಯಿತು. ನಮ್ಮ ಭಾಗದಲ್ಲಿ ಒಂದೇ ಭಾಷೆಯ ಓಣಿ ಹುಡುಕಿದರೂ ಸಿಗುವುದು ಕಷ್ಟ. ಕನ್ನಡ ಶಾಲೆ ಬಿಡಿಸಿದರೆ ಕೂಸು ಮಾತಾಡ್ತದ ಎಂದು ಯಾರಾದರೂ ಪಾಲಕರಿಗೆ ಹೇಳಿದರೆ, ಅದು ತಪ್ಪು ಎಂದು ನಾವೇ ನಿಂತು ಹೇಳಬೇಕು.

ಇದರಷ್ಟೇ ಕೆಟ್ಟದ್ದು ಇನ್ನೊಂದು ಸಲಹೆ: "ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ, ಐದು ವರ್ಷತನಕ ನೋಡ್ರಿ." ತಡವಾದ ಎಷ್ಟೋ ಮಕ್ಕಳು ಮುಂದೆ ಸರಿಹೋಗುತ್ತಾರೆ, ನಿಜ. ಆದರೆ ಯಾವ ಕೂಸು ಸರಿಹೋಗುತ್ತದೆ, ಯಾವುದು ಇಲ್ಲ ಎಂದು ಎರಡನೇ ವರ್ಷಕ್ಕೇ ಮುಖ ನೋಡಿ ಹೇಳಲಾಗದು. ನಾಲಿಗೆಗೆ ಬಜೆ ತೇಯ್ದು ಹಚ್ಚುವ ಅಜ್ಜಿಯ ಪ್ರೀತಿಗೆ ನನ್ನ ತಕರಾರಿಲ್ಲ. ಅದರ ಭರವಸೆಯಲ್ಲಿ ಕಳೆದುಹೋಗುವ ವರ್ಷಗಳ ಬಗ್ಗೆ ತಕರಾರು.

ಮೊದಲು ಕಿವಿ ಪರೀಕ್ಷೆ ಆಗಬೇಕು. ಕೇಳದ ಮಾತನ್ನು ಕೂಸು ಆಡುವುದಿಲ್ಲ. ನೆಗಡಿಯ ಮೇಲೆ ನೆಗಡಿ ಬಂದು ಕಿವಿಯ ಪರದೆಯ ಹಿಂದೆ ನೀರು ನಿಂತರೆ ಕೇಳುವುದು ಮಂದವಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತಟ್ಟೆ ಬಿದ್ದ ಸದ್ದಿಗೆ ತಿರುಗಿ ನೋಡಿತು ಎಂದರೆ ಎಲ್ಲ ಸರಿ ಎಂದಲ್ಲ. ದೊಡ್ಡ ಸದ್ದು ಕೇಳಿಸಿ, ಸಣ್ಣ ಮಾತು ಕೇಳಿಸದೆ ಇರಬಹುದು. ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ತೋರಿಸದಿದ್ದರೆ, ಬಂದ ಮಾತು ಹೋದರೆ ಒಂದು ದಿನವೂ ಕಾಯಬಾರದು.

ದಾರಿ ನಮ್ಮ ಹತ್ತಿರವೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಆಗಬೇಕು. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಬೆಳವಣಿಗೆ ತಡವಾಗುವುದೂ ಅದರ ಪಟ್ಟಿಯಲ್ಲಿದೆ. ತಂಡ ಬಂದ ದಿನ ಮಕ್ಕಳ ತೂಕ, ಹಲ್ಲು ತೋರಿಸಿ ಮುಗಿಸಬೇಡಿ. "ಈ ಕೂಸಿಗೆ ಮಾತು ತಡ ಆಗ್ಯದ, ಕಿವಿ ನೋಡ್ರಿ" ಎಂದು ಬಾಯಿಬಿಟ್ಟು ಹೇಳಿ. ಮುಂದಿನ ಪರೀಕ್ಷೆಗೆ ಮುಂಬಯಿಯ ಅಲಿ ಯಾವರ್ ಜಂಗ್ ಸಂಸ್ಥೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಕನ್ನಡದ ಮನೆಗೆ ಮೈಸೂರು ದೂರವಾದರೂ ಅಲ್ಲಿ ಮಾತು ತಿಳಿಯುವವರಿದ್ದಾರೆ.

ನಮ್ಮ ಕೂಸಿನ ಕಿವಿ ಸರಿ ಇತ್ತು. ಮಾತಿನ ತರಬೇತಿ ಶುರುವಾಯಿತು. ಕಲಿಸುವವರು ಮೊದಲ ದಿನವೇ, "ಅಜ್ಜಿ ಕನ್ನಡದಾಗೇ ಮಾತಾಡಲಿ" ಎಂದರು. ಅಜ್ಜಿ ಅವತ್ತೇ ಶಿರಾ ಮಾಡಿದಳು.

ತಂಗಿ ಇನ್ನೊಂದು ಕೆಲಸ ಮಾಡಿದಳು. ಅಡುಗೆಮನೆಯ ಗೋಡೆಯ ಕಾಲನಿರ್ಣಯದಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದೊಳಗೇ ಕೂಸಿನ ಲೆಕ್ಕ ಬರೆಯತೊಡಗಿದಳು. "ಚಂದ್ರನಿಗೆ ಬೆರಳು ತೋರಿಸಿದಳು." "ಬ್ಯಾಡ ಅಂತ ತಲಿ ಅಲ್ಲಾಡಿಸಿದಳು." "ಆಕಳಿಗೆ ಅಂಬಾ ಅಂದಳು." "ನೀ ಅಂದಳು, ನೀರು ಕೊಟ್ಟೆ." ಬರೆದ ದಿನ ಮನೆಯವರಿಗೆಲ್ಲ ಓದಿ ಹೇಳುತ್ತಿದ್ದಳು, ಅಷ್ಟೇ ಹಬ್ಬ. ತರಬೇತಿಗೆ ಹೋಗುವಾಗ ಕ್ಯಾಲೆಂಡರಿನ ಹಾಳೆಯನ್ನೇ ಹರಿದು ಒಯ್ಯುತ್ತಿದ್ದಳು. ನಾವು ಪ್ರಯೋಗದ ವಹಿಯಲ್ಲಿ ಮಕ್ಕಳಿಗೆ ಕಲಿಸುವುದೂ ಇದೇ ತಾನೆ: ಕಂಡದ್ದನ್ನು ತಾರೀಖಿನ ಸಮೇತ ಬರೆ, ನಿನ್ನೆಯದರ ಜೊತೆ ಹೋಲಿಸು. ಇಲ್ಲಿ ಹೋಲಿಕೆ ಅದೇ ಕೂಸಿನ ನಿನ್ನೆಯ ಜೊತೆ, ಪಕ್ಕದ ಮನೆಯ ಕೂಸಿನ ಜೊತೆ ಅಲ್ಲ.

ನಮ್ಮ ತರಗತಿಗೂ ಇದು ಹೊಂದುತ್ತದೆ. ಮಾತು ತಡವಾದ ಮಗುವನ್ನು ಅತಿಥಿಗಳ ಮುಂದೆ ನಿಲ್ಲಿಸಿ "ಹೆಸರು ಹೇಳು" ಎನ್ನಬೇಡಿ. ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ ಕಾಯಿರಿ. ಸನ್ನೆ ಮಾಡಿದರೆ ಅದಕ್ಕೆ ಮಾತು ಕೂಡಿಸಿ ಉತ್ತರ ಕೊಡಿ. ಮಗು "ಚಂಡ" ಎಂದರೆ ನೀವು "ಹೌದು, ಕೆಂಪು ಚಂಡು" ಎನ್ನಿ. ತಿದ್ದುವ ಗೋಜು ಬೇಡ, ಬಹುಮಾನದ ಆಸೆಯೂ ಬೇಡ. ಸದ್ದು ಮಾಡಿದ ತಕ್ಷಣ ಒಬ್ಬರು ತಿರುಗಿ ಉತ್ತರಿಸಿದರೆ ಕೂಸು ಮತ್ತೆ ಸದ್ದು ಮಾಡುತ್ತದೆ.

ಮರುವರ್ಷ ಸಂಕ್ರಾಂತಿಗೆ ಬೋರ್ನಹಾಣಕ್ಕೆ ಹೋಗಿದ್ದೆ. ತಲೆಯ ಮೇಲೆ ಬೋರೆಹಣ್ಣು, ಚುರಮುರಿ, ಕಬ್ಬಿನ ತುಂಡು ಸುರಿದಾಗ ಕೂಸು ನಕ್ಕಿತು. ಒಂದು ಹಣ್ಣು ಹೆಕ್ಕಿ ನನ್ನ ಅಂಗೈಯಲ್ಲಿಟ್ಟು, "ಬೋ" ಅಂದಿತು. ಈ ಸಲ ನಾನು "ಪೂರ್ತಿ ಹೇಳು" ಅನ್ನಲಿಲ್ಲ. "ಹೂಂ, ಬೋರೆಹಣ್ಣು" ಅಂದೆ, ತಿಂದೆ. ಈಗ ಅವಳಿಗೆ ನಾಲ್ಕು ವರ್ಷ. ವಾರಿಗೆಯ ಮಕ್ಕಳಷ್ಟು ಮಾತು ಇನ್ನೂ ಇಲ್ಲ, ತರಬೇತಿ ನಡೆದೇ ಇದೆ. ಬರುವ ವರ್ಷಗಳಲ್ಲಿ ಇಂಥ ಒಬ್ಬಳು ನಿಮ್ಮ ಶಾಲೆಯ ಬಾಗಿಲಿಗೂ ಬಂದಾಳು. ಅವ್ವನ ಕೈಯಲ್ಲಿ ಕ್ಯಾಲೆಂಡರಿನ ಹಾಳೆ ಇದ್ದರೆ ದಾಖಲಾತಿ ಅರ್ಜಿಗಿಂತ ಮೊದಲು ಅದನ್ನು ಓದಿ.